ಒಂದೇ ಕೈಯ ನೆರಿಗೆ

ಅದು ಶುರುವಾದದ್ದು ಏಪ್ರಿಲ್ ಮೊದಲಿನಲ್ಲಿ, ಗುಡ್ಡದ ಮೇಲೆ ಹೊಸ ಕುರಿಮರಿಗಳ ದನಿ ಕೇಳತೊಡಗಿದ ದಿನಗಳಲ್ಲಿ, ಬೆಳಗಿನ ಚಹಾದ ಪಾತ್ರೆ ಇನ್ನೂ ಬಿಸಿಯಾಗಿದ್ದ ಹೊತ್ತಿಗೆ. ಕೆರಿ ಮ್ಯಾಡಕ್ಸ್ ಹಿಂಬಾಗಿಲಿನಿಂದ ಬಂದ. ಆ ಬೀದಿಯಲ್ಲಿ ಮುಂಬಾಗಿಲು ತಟ್ಟುವವರು ಪಾದ್ರಿ, ಪೊಲೀಸು, ಸಾವಿನ ಸುದ್ದಿ ತಂದವರು, ಇಷ್ಟೇ. ಕೆರಿ ಸ್ಟೂಟಿನ ಕಾರ್ಯದರ್ಶಿ. ಗಣಿಕಾರರ ಇನ್‌ಸ್ಟಿಟ್ಯೂಟ್ ಎಂಬ ಉದ್ದ ಹೆಸರನ್ನು ಊರು ಎಂದೋ ಕಡಿದು ಸ್ಟೂಟ್ ಮಾಡಿಕೊಂಡಿತ್ತು. ಗಣಿ ಮುಚ್ಚಿ ಹೋಗಿ, ಗಣಿಕಾರರೂ ಒಬ್ಬೊಬ್ಬರಾಗಿ ಮಣ್ಣಿಗೆ ಸೇರಿ, ಸ್ಟೂಟ್ ಮಾತ್ರ ತನ್ನ ಎರಡು ಸ್ನೂಕರ್ ಮೇಜುಗಳೊಂದಿಗೆ ಉಳಿದಿತ್ತು. ಕೆರಿ ಕೂರಲಿಲ್ಲ. ಎಲ್ವಿನ್‌ಗೆ ಒಂದು ಗಾಜಿನ ಪೆಟ್ಟಿಗೆ ಮಾಡಿಸಿದ್ದೇವೆ ಬೋಪಾ, ಅಂದ. ಹೆತ್ತವಳಲ್ಲದಿದ್ದರೂ ಸಲುಗೆಯಿಂದ ಕರೆಯಬಹುದಾದ ಹಿರಿಯಳಿಗೆ ಆ ಕಣಿವೆಯಲ್ಲಿ ಬೋಪಾ ಎನ್ನುತ್ತಾರೆ. ಟೆಗ್ವೆನ್ ಪ್ರೋಸರ್ ಈಗ ಇಡೀ ಬೀದಿಗೇ ಬೋಪಾ. ಎಲ್ವಿನ್ ಅವಳ ತಮ್ಮ, ಸ್ನೂಕರ್ ಆಟಗಾರ. ಪೆಟ್ಟಿಗೆಯಲ್ಲಿ ಅವನ ಕೋಲು ಇಡುತ್ತಾರೆ, ಒಮ್ಮೆ ಗೆದ್ದ ಬೆಳ್ಳಿ ಕಪ್ಪು ಇಡುತ್ತಾರೆ, ಜೊತೆಗೆ ಆಮೇಲೆ ಸೋತ ಫೈನಲ್ಲಿನ ಅಂಗಿ ಬೇಕು. ಶನಿವಾರ ಮಧ್ಯಾಹ್ನ ಪೆಟ್ಟಿಗೆ ತೆರೆಯುವುದು, ಹಳೆಯ ಪಂದ್ಯವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವುದು. ತೆರೆಯಲು ಬರುತ್ತಿರುವವನು ಅವತ್ತಿನ ಎದುರಾಳಿ ಬರ್ನಾರ್ಡ್ ಹ್ಯಾಸ್ಲಮ್.

ಆ ಹೆಸರು ಹೇಳುವಾಗ ಕೆರಿ ನಕ್ಕ. 'ದಾನದ ಬರ್ನಾರ್ಡ್. ಬರಲಿ. ನಾವು ಕೊಟ್ಟ ಕಪ್ಪಿಗೆ ಒಂದು ಥ್ಯಾಂಕ್ಸ್ ಆದ್ರೂ ಹೇಳಿ ಹೋಗ್ಲಿ.'

ಟೆಗ್ವೆನ್ ಚಹಾ ಬಗ್ಗಿಸಿದಳು. ಎಂಬತ್ತು ದಾಟಿದರೂ ಅವಳ ಕೈ ನಡುಗುತ್ತಿರಲಿಲ್ಲ, ಅದೊಂದು ಅವಳ ಹೆಮ್ಮೆ. ಹೋಗುವಾಗ ಬಾಗಿಲ ಹತ್ತಿರ ಕೆರಿ, ಮರೆತವನಂತೆ, ಇನ್ನೊಂದು ಮಾತು ಸೇರಿಸಿದ. ಅಂಗಿಯ ತೋಳಿನ ತುದಿಗೆ ಲೇಸಿನ ನೆರಿಗೆ ಇತ್ತಲ್ಲ, ಟೀವಿ ನೋಡಿದವರಿಗೆಲ್ಲ ನೆನಪಿರುವುದು ಅದೇ. ಆಮೇಲೆ ಅದು ಕಾಣಿಸಲಿಲ್ಲವಂತೆ. ಇದ್ದರೆ ಮತ್ತೆ ಹೊಲಿದು ಕೊಡಿ, ಅಂದ. ಇದೆ, ಅಂದಳು. ಹೊಲಿದು ಕೊಡುತ್ತೀನಿ, ಅಂತಲೂ ಅಂದಳು. ಅಂದ ಮೇಲೆ ಅಡುಗೆಮನೆ ತನ್ನದಲ್ಲ ಎನ್ನುವ ಹಾಗೆ ನಿಂತಳು. ಎಲ್ವಿನ್ ಹೋದದ್ದು ಹಿಂದಿನ ಶರತ್ಕಾಲದಲ್ಲಿ. ಅವನ ಟೋಪಿ ಬಾಗಿಲ ಹಿಂದೆ ಇನ್ನೂ ತೂಗುತ್ತಿತ್ತು, ಕೆರಿ ಬಾಗಿಲು ಎಳೆದುಕೊಂಡ ರಭಸಕ್ಕೆ ಸ್ವಲ್ಪ ಆಡಿತು.

ಅಂಗಿ ಮೇಲಿನ ಕೋಣೆಯ ಬೀರುವಿನಲ್ಲಿತ್ತು, ನೆರಿಗೆಗಳು ಅವಳ ಹಳೆಯ ಕೈಚೀಲದಲ್ಲಿದ್ದವು, ಅಂದು ರಾತ್ರಿ ತುರುಕಿದ ಜಾಗದಲ್ಲೇ. ಎರಡು ತುಂಡು, ಎರಡು ಕೈಯವು. ಅಮ್ಮನ ಮದುವೆಯ ಮುಸುಕಿನಿಂದ ಬಿಚ್ಚಿದ ಲೇಸು ಅದು. ಟೀವಿ ಬಣ್ಣಕ್ಕೆ ತಿರುಗಿದ ಮೇಲೆ ಆಟಗಾರರಿಗೆ ಒಳ್ಳೆಯ ಬಟ್ಟೆಯೂ ಆಟದಷ್ಟೇ ಮುಖ್ಯವಾಗಿತ್ತು. ಮದುಮಕ್ಕಳ ಹಾಗೆ ಬರುತ್ತಿದ್ದರು ಎಲ್ಲರೂ. ನಮ್ಮವನೇನು ಕಡಿಮೆ ಎಂದು ಅವಳು ಒಂದು ವಾರ ಕೂತು ಹೊಲಿದಿದ್ದಳು. ಎಲ್ವಿನ್ ಹಾಕಿಕೊಂಡು ಕನ್ನಡಿ ನೋಡಿ, 'ಪಾದ್ರಿ ಹೆಂಡ್ತಿ ಕಂಡ ಹಾಗಿದೀನಿ ಟೆಗ್' ಅಂದಿದ್ದ. ಸುಮ್ಮನೆ ಹಾಕ್ಕೋ, ಅಂದಿದ್ದಳು. ಅವನು ಅವಳ ಮಾತು ಮೀರಿದವನಲ್ಲ. ತಾಯಿ ಸತ್ತಾಗ ಅವನಿನ್ನೂ ಹಾಲು ಬಿಟ್ಟಿರಲಿಲ್ಲ. ಅವಳು ಶಾಲೆ ಬಿಟ್ಟಳು. ಅಕ್ಷರಗಳು ಅಲ್ಲಿಗೇ ನಿಂತವು. ಓದಲು ಬರುವುದು ಹಾಡಿನ ಪುಸ್ತಕ ಮತ್ತು ಅಂಗಡಿ ಬೋರ್ಡು. ಉಳಿದದ್ದನ್ನು ಅವಳು ನೋಡಿ ತಿಳಿದುಕೊಂಡಳು. ನೋಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಸ್ಟೂಟಿನಲ್ಲಿ ಆಟದ ಮೇಜುಗಳಿಗೆ ಬ್ರಷ್ ಹಾಕಿ ಧೂಳು ತೆಗೆಯುವ ಕೆಲಸ ಅವಳದು, ಬೆಳಗಿನ ಹೊತ್ತು, ಗಂಡಸರು ಬರುವ ಮೊದಲು. ಹಸಿರು ಬಟ್ಟೆಗೆ ಒಂದು ನವಿರಿದೆ, ಬೆಕ್ಕಿನ ಮೈಯ ಹಾಗೆ ಒಂದೇ ದಿಕ್ಕಿಗೆ ಮಲಗಿರುತ್ತದೆ. ಆ ದಿಕ್ಕಿಗೇ ಸವರಬೇಕು, ಆಮೇಲೆ ಇಸ್ತ್ರಿ ಹಾಕಬೇಕು. ಸವರುವುದು, ಇಸ್ತ್ರಿ ಮಾಡುವುದು ಹೆಣ್ಣಿಗೆ ಸರಿ, ಕೋಲು ಹಿಡಿಯಕೂಡದು. ಬಾಗಿಲ ಬುಡದಲ್ಲಿ, ನೆಲಕ್ಕೆ, ಹಿತ್ತಾಳೆಯ ಪಟ್ಟಿ ಇತ್ತು, ಆಟದ ಹೊತ್ತಿನಲ್ಲಿ ಹೆಂಗಸರು ಅದನ್ನು ದಾಟುವ ಹಾಗಿರಲಿಲ್ಲ. ತಮ್ಮ ಮೊದಲ ಸಲ ಒಂದೇ ಸರದಿಯಲ್ಲಿ ನೂರು ಅಂಕ ದಾಟಿಸಿದ ಸಂಜೆ ಒಳಗೆ ಗಂಡಸರು ಬೂಟುಕಾಲಿನಿಂದ ನೆಲ ಬಡಿಯುತ್ತಿದ್ದಾಗ ಅವಳು ಪಟ್ಟಿಯ ಈಚೆ, ಒದ್ದೆ ಬಕೀಟಿನ ಹತ್ತಿರ ನಿಂತಿದ್ದಳು. ಒಬ್ಬ ಬಾಗಿಲು ಹಾಕಿಕೊಂಡ, ಗಾಳಿ ಬರುತ್ತೆ ಅಂದ. ಬಾಗಿಲಿನ ಆ ಬಣ್ಣ, ಕಂದು, ಒಂದು ಕಡೆ ಹೊಪ್ಪಳೆ ಎದ್ದಿದ್ದು, ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ಅವಳು ಪಟ್ಟಿ ದಾಟದೆ ತಮ್ಮನ ಆಟ ನೋಡಿದ್ದು ಟೀವಿಯಲ್ಲಿ. ಮೊದಲು ಅವರ ಮನೆಯಲ್ಲಿದ್ದದ್ದು ಕಪ್ಪುಬಿಳುಪಿನ ಪೆಟ್ಟಿಗೆ. ಬೂದಿ ಬಣ್ಣದ ಮೇಜು, ಬೂದಿ ಚೆಂಡುಗಳು. ಆದರೂ ಬೀದಿಯ ಹೆಂಗಸರೆಲ್ಲ ಅವಳ ಮನೆಗೇ ಬರುತ್ತಿದ್ದರು, ಏಕೆಂದರೆ ಯಾವುದು ಕಂದು, ಯಾವುದು ನೀಲಿ ಎಂದು ಅವಳು ಚೆಂಡು ನಿಂತ ಜಾಗದ ಮೇಲೆ ಹೇಳುತ್ತಿದ್ದಳು. ಆ ವರ್ಷಗಳಲ್ಲಿ ದೊಡ್ಡ ಪಂದ್ಯ ಬಂತೆಂದರೆ ಕಣಿವೆಯ ಬೀದಿಗಳು ಬಂದ್ ಆದ ಹಾಗೆ ಇರುತ್ತಿದ್ದವು. ಚಾಪೆಲ್ಲಿನಲ್ಲಿ ಪ್ರವಚನ ಮೊಟಕಾಗುತ್ತಿತ್ತು. ಮೀನು ಕರಿಯುವ ಅಂಗಡಿಯವನು ಟೀವಿಯನ್ನು ಕೌಂಟರಿನ ಮೇಲೆ ತಂದಿಟ್ಟು, ಒಂದು ಕಣ್ಣು ಬಾಣಲೆಗೆ ಒಂದು ಕಣ್ಣು ಎಲ್ವಿನ್‌ಗೆ ಇಟ್ಟು, ಎಷ್ಟೋ ಮೀನು ಸುಟ್ಟ. ಕೋಲು ಮುಟ್ಟದ ಮುದುಕಿಯರು ಬಾವಿಕಟ್ಟೆಯ ಮಾತಿನಂತೆ ಆಟದ ಮಾತಾಡುತ್ತಿದ್ದರು: ಅವನು ಗುಲಾಬಿಗೆ ಹೋಗಬಾರದಿತ್ತು, ಬಿಳಿಯನ್ನು ಹಿಂದಕ್ಕೆ ಕರೆಸಬೇಕಿತ್ತು. ಗಣಿಯೊಳಗೆ ದೀಪದ ಬೆಳಕಿನಲ್ಲಿ ಬಗ್ಗಿ ಬಗ್ಗಿ ದಣಿದ ಗಂಡಸರಿಗೆ, ದೀಪದ ಕೆಳಗೆ ಬಿಳಿ ಅಂಗಿಯಲ್ಲಿ ಬಗ್ಗಿದ ತಮ್ಮವನೊಬ್ಬನನ್ನು ನೋಡುವುದೇ ಒಂದು ಸಂಬಳ. ಎಲ್ವಿನ್ ಒಂದು ಸಲ ಗೆದ್ದ. ಎರಡು ವರ್ಷ ಬಿಟ್ಟು ಮತ್ತೆ ಫೈನಲ್ಲಿಗೆ ಬಂದ, ಸೋತ. ಊರು ಎದೆಯಲ್ಲಿಟ್ಟುಕೊಂಡದ್ದು ಗೆದ್ದದ್ದನ್ನಲ್ಲ, ಸೋತದ್ದನ್ನು.

ಸೋತ ಬಗೆ ಹಾಗಿತ್ತು. ಕೊನೆಯ ಸುತ್ತು, ಇಬ್ಬರೂ ಸಮ. ಮೇಜಿನ ಮೇಲೆ ನೀಲಿ, ಗುಲಾಬಿ, ಕರಿ, ಮೂರೇ ಚೆಂಡು. ಎಲ್ವಿನ್ ನೀಲಿಗೆ ಬಗ್ಗಿದ. ಹೊಡೆಯಲಿಲ್ಲ. ಎದ್ದು ನಿಂತು, ಕೈಯೆತ್ತಿ, ಅಂಗಿಯ ತೋಳು ಗುಲಾಬಿಗೆ ತಾಗಿತು ಅಂದ. ಕೋಲಿನ ತುದಿ ಬಿಳಿ ಚೆಂಡನ್ನು ಮುಟ್ಟಬಹುದು. ಬೇರೆ ಏನು ಯಾವ ಚೆಂಡಿಗೆ ತಾಗಿದರೂ ಫೌಲು, ಸರದಿ ಎದುರಾಳಿಗೆ. ಯಾರೂ ನೋಡದಿದ್ದರೂ ಆಟಗಾರ ತಾನೇ ಹೇಳಬೇಕು, ಅದು ಆಟದ ಮರ್ಯಾದೆ. ರೆಫರಿ ನೋಡಿರಲಿಲ್ಲ. ಒಂದು ಗಳಿಗೆ ಎಲ್ವಿನ್‌ನ ಮುಖ ನೋಡಿದರು, ಆಮೇಲೆ ಬಿಳಿ ಕೈಗವುಸಿನ ಕೈಯನ್ನು ಹ್ಯಾಸ್ಲಮ್ ಕಡೆ ತಿರುಗಿಸಿದರು. ಹ್ಯಾಸ್ಲಮ್ ಎದ್ದು ಬಂದು ಮೂರನ್ನೂ ಹೊಡೆದ. ಟೀವಿಯವರು ಆ ಗಳಿಗೆಯನ್ನು ಹಿಂದೆ ಮುಂದೆ ಓಡಿಸಿ ತೋರಿಸಿದರು, ಏನೂ ಕಾಣಲಿಲ್ಲ. ಕಾಣದಿದ್ದದ್ದೇ ದೊಡ್ಡದಾಯಿತು: ಕ್ಯಾಮೆರಾಕ್ಕೂ ಕಾಣದ್ದನ್ನು ಒಪ್ಪಿಕೊಂಡ ಮನುಷ್ಯ. ಆ ಕಣಿವೆಯಲ್ಲಿ ಹೆಸರಿಗೆ ಬಾಲ ಅಂಟಿಸದೆ ಬಿಡುವುದಿಲ್ಲ. ಹಾಲು ಹಾಕುವ ಹಾಲಿನ ಡಾಯ್, ಹೆಣದ ಪೆಟ್ಟಿಗೆ ಮಾಡುವ ಪೆಟ್ಟಿಗೆ ಇವಾನ್ ಇದ್ದ ಹಾಗೆ ಅವನು ನಿಯತ್ತಿನ ಎಲ್ವಿನ್ ಆದ. ಬೆಟ್ಟದಾಚೆ, ಇಂಗ್ಲಿಷರ ನಾಡಿನ ಲ್ಯಾಂಕಶೈರಿನ ತನ್ನ ಊರಿನಲ್ಲಿ ಹ್ಯಾಸ್ಲಮ್ ದಾನದ ಬರ್ನಾರ್ಡ್ ಆದ. ಯಾವ ಹೋಟೆಲಿಗೆ ಹೋದರೂ, ಲೋಟ ಎತ್ತಿದರೂ, ಅದೇ ಮಾತಂತೆ: ಕಪ್ಪು ಕೊಟ್ಟವರಿಗೆ ಒಂದು ಲೋಟ ಕುಡಿಸಿದೆಯೇನಪ್ಪಾ?

ಟೆಗ್ವೆನ್ ಸೂಜಿಗೆ ದಾರ ಪೋಣಿಸಿದಳು, ಕನ್ನಡಕವಿಲ್ಲದೆ. ಗುರುವಾರ ಆಗಿತ್ತು. ಬಲಗೈಯ ನೆರಿಗೆ ಮೊದಲು. ತೋಳು ಗುಲಾಬಿಗೆ ತಾಗಿರಲಿಲ್ಲ. ತಾಗಲು ಏನಿತ್ತು ಅಲ್ಲಿ? ಮಣಿಕಟ್ಟಿಗೆ ಬಿಗಿದ ಗುಂಡಿ, ಅದರ ಕೆಳಗೆ ಬೆರಳು ತೂರುವಷ್ಟು ಸಂದು. ಆ ಹೊತ್ತಿಗಾಗಲೇ ನೆರಿಗೆ ಅವಳ ಕೈಚೀಲ ಸೇರಿತ್ತು.

ತಾಗಿದ್ದು ಬೇರೆ ಸುತ್ತಿನಲ್ಲಿ, ವಿರಾಮಕ್ಕೆ ಮೊದಲು. ಅವಳು ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿದ್ದಳು. ಆ ನಾಟಕಶಾಲೆಯಲ್ಲಿ ಹಿತ್ತಾಳೆಯ ಪಟ್ಟಿ ಇರಲಿಲ್ಲ, ಟಿಕೇಟು ಹರಿದುಕೊಟ್ಟವನು ಮೇಡಂ ಅಂದಿದ್ದ, ಆ ಸುಖದಲ್ಲೇ ಕೂತಿದ್ದಳು. ದೀಪಗಳ ಕಾವು ಮುಖಕ್ಕೆ ಹೊಡೆಯುತ್ತಿತ್ತು. ರೆಫರಿ ಅವನ ಬೆನ್ನ ಹಿಂದೆ, ಕ್ಯಾಮೆರಾ ಆಚೆ ಬದಿ, ಹ್ಯಾಸ್ಲಮ್ ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದ. ಎಲ್ವಿನ್ ಎಡಗೈ ಚಾಚಿ ಊರಿದ. ಲೇಸಿನ ಒಂದು ಮಡಿಕೆ ಜೋತು ಕೆಂಪು ಚೆಂಡಿನ ನೆತ್ತಿಯನ್ನು ಸವರಿತು. ಚೆಂಡು ಉರುಳಲಿಲ್ಲ, ನಿದ್ದೆಯಲ್ಲಿ ಮಗು ಮಗ್ಗುಲಾಗಲು ಹೋಗಿ ಬಿಡುವಂತೆ ಒಮ್ಮೆ ತುಯ್ದು ನಿಂತಿತು. ಅವನು ಕೈಯೆತ್ತುವುದನ್ನು ಅವಳು ಕಾದಳು. ಅವನು ತಲೆಯೆತ್ತಿದ, ಅವಳ ಕಣ್ಣಿಗೆ ಕಣ್ಣು ಸಿಕ್ಕಿತು. ಆಮೇಲೆ ಬಗ್ಗಿ ಹೊಡೆದ. ಚೆಂಡು ಹೋಯಿತು, ಆ ಸುತ್ತೂ ಅವನದಾಯಿತು. ಸುತ್ತಲೂ ಜನ ಚಪ್ಪಾಳೆ ತಟ್ಟುತ್ತಿದ್ದಾಗ ಅವಳ ಎರಡು ಕೈಯೂ ತೊಡೆಯ ಮೇಲಿದ್ದವು. ಪಕ್ಕದ ಹೆಂಗಸು, ಖುಷಿಯಾಗ್ಲಿಲ್ವಾ ನಿಮಗೆ, ಅಂದಿದ್ದಳು.

ವಿರಾಮದಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಹೋದಳು. ಮಾತಾಡಲಿಲ್ಲ. ಚೀಲದಿಂದ ಕತ್ತರಿ ತೆಗೆದಳು. ಅವನು ತಾನಾಗಿ ಎರಡೂ ಮಣಿಕಟ್ಟು ಮುಂದೆ ಚಾಚಿದ, ಚಿಕ್ಕವನಿದ್ದಾಗ ಉಗುರು ಕತ್ತರಿಸಲು ಚಾಚುತ್ತಿದ್ದ ಹಾಗೇ, ಮುಖ ಆಚೆ ತಿರುಗಿಸಿ. ಎಡ, ಆಮೇಲೆ ಬಲ. 'ಸೆಕೆ ಜಾಸ್ತಿ,' ಅಂದ ಎಲ್ವಿನ್. 'ತೆಗೆದದ್ದು ಒಳ್ಳೇದಾಯ್ತು.' ಹೌದು, ಅಂದಳು. ಅಷ್ಟೇ. ಆ ಕತ್ತರಿ ಆಡಿದ ಮಾತನ್ನು ಬಾಯಿ ಆಡಿದ್ದರೆ ಅವನು ವಾದಿಸುತ್ತಿದ್ದ, ಸಮಜಾಯಿಷಿ ಹೇಳುತ್ತಿದ್ದ, ಬೈಯುತ್ತಿದ್ದ, ಆಮೇಲೆ ಹೋಗಿ ಗೆಲ್ಲುತ್ತಿದ್ದ. ಇದನ್ನು ಅವಳು ಎಷ್ಟೋ ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದಾಳೆ. ಅವತ್ತು ಹ್ಯಾಸ್ಲಮ್‌ನ ಹಾಗೆ ತಾನೂ ತಲೆ ತಗ್ಗಿಸಿ ಕೂತಿದ್ದರೆ? ಅಮ್ಮನ ಮುಸುಕಿಗೆ ಕೈ ಹಾಕದೆ ಇದ್ದಿದ್ದರೆ? ತಮ್ಮನಿಂದ ಕಪ್ಪು ಕಿತ್ತುಕೊಂಡವಳು ನಾನೇ ಎನಿಸಿದ ದಿನಗಳಿದ್ದವು. ಈಗ ಅನಿಸುವುದಿಲ್ಲ. ಕೈ ಅವನದು, ಎತ್ತಿದವನು ಅವನು.

ಊರಿಗೆ ಬಂದಾಗ ಹಿತ್ತಾಳೆ ವಾದ್ಯದವರು ನಿಲ್ದಾಣಕ್ಕೇ ಬಂದಿದ್ದರು. ಗೆದ್ದಾಗಲೂ ಬಂದಿರಲಿಲ್ಲ. ಎಲ್ವಿನ್ ಮೆಟ್ಟಿಲ ಮೇಲೆ ನಿಂತು ಮುಖ ಸಿಂಡರಿಸಿದ್ದನ್ನು ಜನ ಸಂಕೋಚವೆಂದುಕೊಂಡರು. ಮುಂದಿನ ಎಲ್ಲ ವರ್ಷಗಳೂ ಹಾಗೆಯೇ. ಶಾಲೆಯ ಮಾಸ್ತರರು ಮಕ್ಕಳಿಗೆ ಅವನ ಉದಾಹರಣೆ ಕೊಡುತ್ತಿದ್ದರು. ಅಂಗಡಿಯವನು, ಚಿಲ್ಲರೆ ಎಣಿಸಬೇಡ ಎಲ್ವಿನ್, ನಿನ್ನನ್ನೇ ನಂಬದಿದ್ದರೆ ಇನ್ಯಾರನ್ನು, ಅನ್ನುತ್ತಿದ್ದ. ಎಲ್ವಿನ್ ಮೆಲ್ಲಗೆ ಆ ಅಂಗಡಿಗೆ ಹೋಗುವುದು ಬಿಟ್ಟ, ಆಮೇಲೆ ಸ್ಟೂಟಿಗೆ ಹೋಗುವುದೂ ಬಿಟ್ಟ. ಬೆನ್ನು ನೋವು ಅಂದ. ಅಕ್ಕ ತಮ್ಮ ಒಂದೇ ಮೇಜಿನ ಎರಡು ಬದಿಗೆ ಕೂತು ಊಟ ಮಾಡಿದರು, ಒಂದೇ ಟೀವಿ ನೋಡಿದರು, ಆ ಮಾತು ಮಾತ್ರ ಆಡಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ, ಗೋಡೆಯ ಟೀವಿಯಲ್ಲಿ ದನಿಯಿಲ್ಲದೆ ಯಾವುದೋ ಪಂದ್ಯ ನಡೆಯುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಆಗ ಕೇಳಿದ.

'ಹ್ಯಾಸ್ಲಮ್‌ನ ಇನ್ನೂ ಆಡ್ಕೊಳ್ತಾರಾ, ಟೆಗ್?'

'ಆಡ್ಕೊಳ್ತಾರೆ.'

ಗೋಡೆಯ ಕಡೆ ತಿರುಗಿದ. ಹೊದಿಕೆಯ ಮೇಲೆ ಎಡಗೈ ಮಾತ್ರ ಚೆಂಡಿಗೆ ಊರಿದ ಹಾಗೆ ಬೆರಳು ಬಿಡಿಸಿಕೊಂಡು ಇತ್ತು.

ಬಲಗೈಯ ಹೊಲಿಗೆ ಮುಗಿಯಿತು. ಹೊಲಿಗೆ ಹಾಕಿದ್ದು ಗೊತ್ತಾಗದಷ್ಟು ಚೆನ್ನಾಗಿತ್ತು. ಎಡಗೈಯದನ್ನು ಎತ್ತಿಕೊಂಡಳು, ಇಟ್ಟಳು. ಶುಕ್ರವಾರ ಮತ್ತೆ ಎತ್ತಿಕೊಂಡಳು. ಇದನ್ನೂ ಹೊಲಿದರೆ ಕಥೆ ಮುಚ್ಚಿಹೋಗುತ್ತದೆ: ತೋಳಿಗೆ ನೆರಿಗೆ ಇತ್ತು, ನೆರಿಗೆ ತಾಗಿತು, ನಿಯತ್ತಿನ ಮನುಷ್ಯ ಹೇಳಿದ. ಗಾಜಿನ ಹಿಂದೆ ಅಂಗಿಯೇ ಸಾಕ್ಷಿ ಹೇಳುತ್ತದೆ. ಎಲ್ವಿನ್ ಹೆಸರು ಹಾಗೇ ಉಳಿಯುತ್ತದೆ, ಹ್ಯಾಸ್ಲಮ್ ಹೆಸರೂ ಹಾಗೇ. ಹೊಲಿಯದೆ ಬಿಟ್ಟು ಬಾಯಿ ಬಿಟ್ಟರೆ, ಎದುರು ಮನೆಯವಳಿಂದ ಹಿಡಿದು ಕೆರಿಯವರೆಗೆ ಎಲ್ಲರೂ ಅವಳ ತಮ್ಮನನ್ನು ಮತ್ತೊಮ್ಮೆ ಹೂಳುತ್ತಾರೆ, ಈ ಸಲ ವಾದ್ಯವಿಲ್ಲದೆ. ಸೂಜಿಯನ್ನು ಬೆರಳ ನಡುವೆ ಹಿಡಿದು ಕೂತಿದ್ದಾಗ ಮುಂಬಾಗಿಲು ತಟ್ಟಿದ ಸದ್ದಾಯಿತು. ಇನ್ನು ಸಾಯಲು ಈ ಮನೆಯಲ್ಲಿ ಯಾರಿದ್ದಾರೆ?

ಹೊರಗೆ ಉದ್ದನೆಯ, ಸ್ವಲ್ಪ ಬಾಗಿದ ಮುದುಕ, ಕೈಯಲ್ಲಿ ಡ್ಯಾಫಡಿಲ್ ಹೂವಿನ ಕಟ್ಟು. ಹಿಂಬಾಗಿಲಿನ ರೂಢಿ ತಿಳಿಯದವನು. ಬರ್ನಾರ್ಡ್ ಹ್ಯಾಸ್ಲಮ್ ಅಂದ, ನಾಳೆ ಗದ್ದಲದಲ್ಲಿ ಮಾತಾಡಲಾಗುವುದಿಲ್ಲವೆಂದು ಇವತ್ತೇ ಬಂದೆ ಅಂದ. ಅಡುಗೆಮನೆಯಲ್ಲಿ ಕೂರಿಸಿದಳು, ಚಹಾ ಕೊಟ್ಟಳು, ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟಳು. ಅವನು ಎಲ್ವಿನ್ ಬಗ್ಗೆ ಒಳ್ಳೆಯ ಮಾತಾಡಿದ, ನಿಧಾನಕ್ಕೆ, ಕಲಿತು ಬಂದವನಂತೆ. ಊರಿನ ಮೊದಲ ಅಂಗಡಿಯಲ್ಲೇ ಯಾರೋ ತನ್ನನ್ನು ಗುರುತು ಹಿಡಿದು, ಬಂದ್ಯಾ ಬಾ, ವಾಪಸ್ ಕೊಡೋಕೆ ತಂದ್ಯಾ, ಅಂದರು ಎಂದು ನಗುತ್ತಾ ಹೇಳಿದ. ನಗು ತುಟಿಯಲ್ಲೇ ನಿಂತಿತು. ಮೊಮ್ಮಗಳ ಮದುವೆಯಲ್ಲಿ ಬೀಗರು ಅದನ್ನೇ ಎತ್ತಿ ಆಡಿದರಂತೆ, ಎಲ್ಲರೆದುರು. ಒಳ್ಳೆಯ ಜನವೇ, ಅಂದ. ಅವಳು ಅವನ ಕೈ ನೋಡುತ್ತಿದ್ದಳು. ಒಳ್ಳೆಯ ಕೈ, ಉಗುರು ಶುದ್ಧ, ಈಗ ಸ್ವಲ್ಪ ನಡುಗುತ್ತಿತ್ತು. ಆ ನಡುಕವೇ ಅವಳಿಗೆ ತೀರ್ಮಾನ ಕೊಟ್ಟಿತೋ, ಅಥವಾ ಗಾಳಿ ಬರುತ್ತೆ ಎಂದು ಹಾಕಿಕೊಂಡ ಆ ಕಂದು ಬಾಗಿಲೋ. ಲೇಸಿನ ತುಂಡನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು, ನವಿರಿನ ದಿಕ್ಕಿಗೇ ಸರಿಸುವ ಹಾಗೆ, ಮೆತ್ತಗೆ.

ಹೇಳಿದಳು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಕೆಂಪು ಚೆಂಡು ತುಯ್ದದ್ದು, ಕಣ್ಣಿಗೆ ಕಣ್ಣು ಸಿಕ್ಕದ್ದು, ಕತ್ತರಿ, ಆಮೇಲೆ ಬರಿಯ ತೋಳು. ಹ್ಯಾಸ್ಲಮ್ ಲೇಸನ್ನು ಮುಟ್ಟದೆ ನೋಡುತ್ತಾ ಕೂತ. ಚಹಾದ ಮೇಲೆ ಕೆನೆ ಕಟ್ಟಿತು.

'ನೀವು ನೋಡಿದ್ರಿ,' ಅಂದ ಕಡೆಗೆ. 'ಇಷ್ಟು ವರ್ಷ ಸುಮ್ನಿದ್ರಿ.'

'ಹೌದು.'

'ಅವನಿರೋವಾಗ ಒಂದು ಮಾತು...'

'ತಮ್ಮ,' ಅಂದಳು ಟೆಗ್ವೆನ್. ಬೇರೆ ಕಾರಣ ಹುಡುಕಲಿಲ್ಲ.

ಅವನು ಎದ್ದ. ಮುಖ ಕೆಂಪಾಗಿತ್ತು, ವಯಸ್ಸಾದವರ ಸಿಟ್ಟು ಕತ್ತಿನಿಂದ ಮೇಲಕ್ಕೆ ಏರುವ ಹಾಗೆ. ಲೇಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದ ಬಾಗಿಲಲ್ಲೇ ಹೋದ. ಹೂವು ಮೇಜಿನ ಮೇಲೆ ಉಳಿಯಿತು. ಅವಳು ಅದಕ್ಕೆ ನೀರು ಹಾಕಿದಳು, ದಾರ ಪೋಣಿಸಿದ್ದ ಸೂಜಿಯನ್ನು ಹೊಲಿಗೆಯ ಪುಟ್ಟ ದಿಂಬಿಗೆ ಚುಚ್ಚಿಟ್ಟಳು, ಮತ್ತೆ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಅದು ಅವಳಿಗೇ ಆಶ್ಚರ್ಯ.

ಶನಿವಾರ ಸ್ಟೂಟ್ ತುಂಬಿತ್ತು. ಅಂಗಿ ನೋಡಿ ಕೆರಿ ಹೌಹಾರಿದ. 'ಇದೇನು ಬೋಪಾ, ಒಂದೇ ಕೈಗೆ? ಇನ್ನೊಂದು?' ಕೊಟ್ಟುಬಿಟ್ಟೆ, ಅಂದಳು. ಯಾರಿಗೆ ಎಂದು ಕೇಳುವಷ್ಟರಲ್ಲಿ ಯಾರೋ ಅವನನ್ನು ಕರೆದರು. ಹೋಗುತ್ತಾ, ವಯಸ್ಸಾಯ್ತು ಪಾಪ, ಎಂದು ಹೆಂಡತಿಗೆ ಹೇಳಿದ್ದು ಅವಳಿಗೆ ಕೇಳಿಸಿತು. ಮುಂದಿನ ಸಾಲಿನಲ್ಲಿ ಕೂರಿಸಿದರು. ಹಿತ್ತಾಳೆಯ ಪಟ್ಟಿ ಬಾಗಿಲಲ್ಲಿ ಇನ್ನೂ ಇತ್ತು, ಸವೆದು ತೆಳ್ಳಗಾಗಿ. ಅದರ ಮೇಲೆ ಕಾಲಿಟ್ಟೇ ಬಂದಳು. ಗೋಡೆಯ ಮೇಲೆ ಎಲ್ವಿನ್ ಬಗ್ಗಿದ, ಬೆಟ್ಟದಷ್ಟು ದೊಡ್ಡವನಾಗಿ, ಎರಡೂ ಕೈಗೆ ಲೇಸು, ಕೂದಲು ಕಪ್ಪಗೆ, ಮೇಜು ಮಳೆ ನಿಂತ ಹೊಲದಷ್ಟು ಹಸಿರು. ಆ ಕೆಂಪು ಚೆಂಡು ಅವನ ತೋಳಿನ ಮರೆಯಲ್ಲಿ ಹೋಯಿತು, ಜನ ನಕ್ಕು ಮಾತಾಡುತ್ತಿದ್ದರು. ಆಮೇಲೆ ಬರಿಯ ತೋಳು. ಆಮೇಲೆ ಎತ್ತಿದ ಕೈ. ಇಡೀ ಕೋಣೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಟೆಗ್ವೆನ್ ಕೂತೇ ಇದ್ದಳು. ಆ ಮುಖವನ್ನು ಅವಳು ಇಷ್ಟು ದೊಡ್ಡದಾಗಿ ನೋಡಿರಲಿಲ್ಲ. ಸೋತವನ ಮುಖವಲ್ಲ. ಹೊತ್ತದ್ದನ್ನು ಇಳಿಸಿದ ಕೂಲಿಯ ಮುಖ.

ಹ್ಯಾಸ್ಲಮ್ ಮೈಕಿನ ಮುಂದೆ ಬಂದ. ಕೋಟಿನ ಎದೆಯ ಜೇಬಿನಲ್ಲಿ, ಕರವಸ್ತ್ರ ಇರಬೇಕಾದಲ್ಲಿ, ಬಿಳಿ ಲೇಸಿನ ಅಂಚು ಇಣುಕುತ್ತಿತ್ತು. ಅವಳು ತೊಡೆಯ ಮೇಲಿದ್ದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು. ಈಗ ಏನಾದರೂ ಆಗಲಿ, ಅವನ ಸರದಿ.

'ನನ್ನ ಹೆಸರಿಗೆ ಒಂದು ಬಾಲ ಇದೆ, ನಿಮಗೂ ಗೊತ್ತು,' ಅಂದ. ಹಿಂದಿನ ಸಾಲಿನಲ್ಲಿ ನಗು. ಅವನು ನಗು ಮುಗಿಯುವವರೆಗೆ ಕಾದ. 'ಎಲ್ವಿನ್ ಪ್ರೋಸರ್ ನನಗೆ ಏನೂ ದಾನ ಮಾಡ್ಲಿಲ್ಲ. ಆ ಕಪ್ಪು ನಂದೇ ಆಗಿತ್ತು. ನಂದನ್ನ ನನಗೆ ತಂದುಕೊಟ್ಟ, ಅಷ್ಟೇ. ಲೋಕವೆಲ್ಲ ನೋಡ್ತಿರೋವಾಗ ತಂದುಕೊಟ್ಟ. ದಾನ ಮಾಡೋದು ಸುಲಭ. ಇದು ನನ್ನ ಕೈಲಿ ಆಗ್ತಿರ್ಲಿಲ್ಲ. ನಿಮ್ಮಲ್ಲೂ ಎಷ್ಟು ಜನರ ಕೈಲಿ ಆಗ್ತಿತ್ತೋ ನೋಡ್ಕೊಳ್ಳಿ.'

ಪೆಟ್ಟಿಗೆಯ ಮೇಲಿನ ಬಟ್ಟೆ ಎಳೆದ. ಕೋಣೆ ತಟ್ಟಬೇಕಲ್ಲ ಎಂದು ಚಪ್ಪಾಳೆ ತಟ್ಟಿತು. ಏನಂದ ಆ ಇಂಗ್ಲಿಷಿನವನು, ಎಂದು ಹಿಂದೆ ಯಾರೋ ಕೇಳಿದರು. ಕೆರಿ ಮಾತ್ರ ತಟ್ಟುತ್ತಿರಲಿಲ್ಲ. ಹ್ಯಾಸ್ಲಮ್‌ನ ಜೇಬು ನೋಡಿದ, ಗಾಜಿನೊಳಗಿನ ಅಂಗಿ ನೋಡಿದ, ಕೊನೆಗೆ ಟೆಗ್ವೆನ್‌ಳನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಆ ದಿನದಿಂದ ಅವನ ಬಾಯಲ್ಲಿ ದಾನದ ಬರ್ನಾರ್ಡ್ ಎಂಬ ಮಾತು ಬಂದದ್ದನ್ನು ಯಾರೂ ಕೇಳಿಲ್ಲ.

ಪೆಟ್ಟಿಗೆ ಈಗಲೂ ಅಲ್ಲೇ ಇದೆ. ಹೊಸಬರು ಬಂದು ನೋಡಿ, ಒಂದೇ ಕೈಗೆ ಯಾಕೆ ಎಂದು ಕೇಳುತ್ತಾರೆ. ಬಲಗೈಯ ನೆರಿಗೆ ಅಂಗಿಯ ಮೇಲಿದೆ. ಎಡಗೈಯದು ಬರ್ನಾರ್ಡ್ ಹ್ಯಾಸ್ಲಮ್ ಜೊತೆ ಸೋಮವಾರ ಬೆಳಗಿನ ಬಸ್ಸಿಗೆ ಹೋಯಿತು.